ಸಾಲಿಗ್ರಾಮದಿಂದ ಗುವಾಹಟಿಗೆ, ನಮ್ಮ ಜಗುಲಿ ಮಾರ್ಗವಾಗಿ

ಮಹಾಲಿಂಗ ಹೇರ್ಳರು ಅರುವತ್ತು ದಾಟುವವರೆಗೂ ವಿಮಾನ ಹತ್ತಿದವರಲ್ಲ. ಹಾಗಂತ ವಿಮಾನದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ದೋಹಾ ಎಷ್ಟು ದೂರ, ಟೊರೊಂಟೊಗೆ ಎಷ್ಟು ಹೊತ್ತು, ಮೆಲ್ಬರ್ನಿಗೆ ಹೋಗುವವರು ಯಾವ ಯಾವ ಸಮುದ್ರ ದಾಟಬೇಕು, ಎಲ್ಲವನ್ನೂ ಸಾಲಿಗ್ರಾಮದ ತಮ್ಮ ಮನೆಯ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತೇ ಹೇಳುತ್ತಿದ್ದರು. ಪೈಲಟ್‌ಗಳು ತಮ್ಮನ್ನು ಒಂದು ಮಾತು ಕೇಳದೆ ವಿಮಾನ ಹಾರಿಸುತ್ತಾರಲ್ಲ ಎಂಬುದೊಂದೇ ಅವರಿಗಿದ್ದ ಬೇಸರ.

ಅವರು ಪುರೋಹಿತರು. ನಾನು ಅವರ ಪಕ್ಕದ ಮನೆಯವಳು, ಸುಗುಣ, ರವಿಕೆ ಹೊಲಿಯುವವಳು. ಮದುವೆ, ಉಪನಯನ, ಶ್ರಾದ್ಧ ಎಂದು ಹೇರ್ಳರಿಗೆ ಕೆಲಸ ಇದ್ದೇ ಇತ್ತು. ಆದರೆ ಈಚೀಚೆಗೆ ಅವರ ಅಂಗಳದಲ್ಲಿ ಹೆಚ್ಚು ಚಪ್ಪಲಿ ಬೀಳುತ್ತಿದ್ದುದು ಪ್ರಯಾಣದ ಮುಹೂರ್ತಕ್ಕೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈಗ ಮನೆಗೊಬ್ಬರಾದರೂ ಎಲ್ಲಿಗಾದರೂ ಹಾರುವವರೇ. ಟಿಕೆಟ್ ತೆಗೆಯುವಾಗ ಯಾರಿಗೂ ರಾಹುಕಾಲ ನೆನಪಾಗುವುದಿಲ್ಲ. ತೆಗೆದಾದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ. ಬೆಳಗಾದರೆ ಹೇರ್ಳರ ಮನೆ.

ಬಂದವರು ಊರಿನ ಹೆಸರು ಹೇಳಿದ ಕೂಡಲೇ ಹೇರ್ಳರು ಮೊಬೈಲು ತೆಗೆಯುತ್ತಿದ್ದರು. ಅದರಲ್ಲೊಂದು ಪುಟ. ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ಭೂಪಟದ ಮೇಲೆ ಒಂದು ಗೆರೆ ಎಳೆದು ಇಷ್ಟು ದೂರ, ವಿಮಾನಕ್ಕೆ ಇಷ್ಟು ಹೊತ್ತು, ಎರಡೂ ಊರುಗಳ ಗಡಿಯಾರಕ್ಕೆ ಇಷ್ಟು ವ್ಯತ್ಯಾಸ ಎಂದು ಹೇಳಿಬಿಡುತ್ತದೆ. ಆ ಗೆರೆಯ ಮೇಲೆ ನಿಜವಾಗಿ ಯಾವುದಾದರೂ ವಿಮಾನ ಹಾರುತ್ತದೆಯೋ ಇಲ್ಲವೋ, ಅದು ಆ ಪುಟದ ತಲೆಬಿಸಿ ಅಲ್ಲ. ಹೇರ್ಳರ ತಲೆಬಿಸಿಯೂ ಆಗಿರಲಿಲ್ಲ. "ಆಕಾಶಕ್ಕೆ ತಿರುವು ಎಲ್ಲಿತ್ತ್?" ಎನ್ನುತ್ತಿದ್ದರು. ಆಮೇಲೆ ಪಂಚಾಂಗ ಬಿಡಿಸಿ, ಪರದೇಶದ ಗಡಿಯಾರ ಹಿಂದೆ ಇದ್ದರೆ ಕಳೆದು, ಮುಂದೆ ಇದ್ದರೆ ಕೂಡಿಸಿ, ಅಲ್ಲಿ ತಲುಪುವ ಗಳಿಗೆಯೂ ಒಳ್ಳೆಯದೇ ಎಂದು ಖಚಿತ ಮಾಡಿ ಕಳಿಸುತ್ತಿದ್ದರು. ಟೊರೊಂಟೊದಲ್ಲಿ ಅಪ್ಪನ ಶ್ರಾದ್ಧ ಮಾಡುವವರಿಗೆ ಫೋನಿನಲ್ಲೇ ತಿಥಿ ಲೆಕ್ಕ ಹಾಕಿ ಕೊಟ್ಟವರು ಅವರು. ಆ ಒಂದು ಲೆಕ್ಕದ ಹೆಮ್ಮೆಯಲ್ಲಿ ವರ್ಷವಿಡೀ ಮೀಸೆ ಇಲ್ಲದೆಯೂ ಮೀಸೆ ತಿರುವಿದರು.

ಆದರೆ ವಿಮಾನ ಕಂಪೆನಿಯವರಿಗೆ ಪಂಚಾಂಗದ ಮೇಲೆ ಭಕ್ತಿ ಇಲ್ಲವಲ್ಲ. ಹೊರಡುವ ದಿನ ಗುರುವಾರವಾದರೆ ತೆಂಕು ದಿಕ್ಕಿಗೆ ಶೂಲ, ಅತ್ತ ಹೊರಡಬಾರದು, ವಿಮಾನ ನಿಲ್ದಾಣ ನಮಗೆ ತೆಂಕಿನಲ್ಲೇ. ಆಗ ಏನು ಮಾಡುವುದು? ಅದಕ್ಕೆಂದೇ ನಮ್ಮಲ್ಲಿ ಪ್ರಸ್ಥಾನ ಇಡುವ ಕ್ರಮ ಉಂಟು. ಒಳ್ಳೆಯ ಗಳಿಗೆ ಹಿಂದಿನ ದಿನವೇ ಇದ್ದರೆ ಆ ಗಳಿಗೆಯಲ್ಲಿ ಚೀಲವನ್ನು ಮನೆಯಿಂದ ಹೊರಡಿಸಿ, ಹೋಗುವ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟಿತೆಂದರೆ ಮನುಷ್ಯನೂ ಹೊರಟಂತೆ. ಒಮ್ಮೆ ಇಟ್ಟ ಚೀಲವನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ. ಹೊರಟವನು ಮರುದಿನ ಚೀಲ ಎತ್ತಿದ ಮೇಲೆ ತಿರುಗಿ ಮನೆಗೆ ಕಾಲಿಡುವಂತಿಲ್ಲ.

ಹೇರ್ಳರ ಮನೆಯ ತೆಂಕು ದಿಕ್ಕಿಗೆ ಮೊದಲು ಸಿಗುವ ಮನೆ ನಮ್ಮದು. ನಮ್ಮ ಮನೆ ಕಟ್ಟಿಸುವಾಗ ಮಾವನವರು ವಾಸ್ತು ಎಲ್ಲ ನೋಡಿದ್ದರಂತೆ, ಇದನ್ನೊಂದು ನೋಡಲಿಲ್ಲ. ಹೀಗಾಗಿ ಜಗತ್ತಿನ ನಾನಾ ದೇಶಗಳಿಗೆ ಹೊರಟ ಸೂಟ್‌ಕೇಸುಗಳು ಮೊದಲ ರಾತ್ರಿ ನಮ್ಮ ಜಗುಲಿಯಲ್ಲಿ ಮಲಗಿವೆ. ಕಿರಿಮಂಜೇಶ್ವರದ ಒಬ್ಬರ ಪೆಟ್ಟಿಗೆಯಲ್ಲಿ ಒಣ ಸಿಗಡಿ ಇದ್ದದ್ದನ್ನು ನಮ್ಮ ಬೆಕ್ಕು ಕಂಡುಹಿಡಿದು, ಇಡೀ ರಾತ್ರಿ ಅದರ ಮೇಲೆ ಕುಳಿತು ತಪಸ್ಸು ಮಾಡಿತು. ತೆಕ್ಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಸಂಜೆ ಬಂದು ಪೆಟ್ಟಿಗೆಗಳನ್ನು ದಾಟಿಕೊಂಡು ಒಳಗೆ ಬರುವಾಗ ಹೇಳುವುದು ಒಂದೇ ಮಾತು: "ಇವತ್ತ್ ಯಾವ್ ದೇಶ?"

ಇಂಥ ಹೇರ್ಳರ ಒಬ್ಬಳೇ ಮಗಳು ಕ್ಷಮಾ. ಊರಿಗೆಲ್ಲ ದಾರಿ ಹೇಳುವ ಅಪ್ಪ ಯಾವ ದಿಕ್ಕನ್ನು ನೋಡಿಯೇ ಇರಲಿಲ್ಲವೋ ಆ ದಿಕ್ಕಿಗೆ ಹೋದಳು. ಪಶುವೈದ್ಯ ಓದಿ, ಹೆಚ್ಚಿನ ಓದಿಗೆಂದು ಗುವಾಹಟಿಗೆ ಹೋದವಳು ಅಲ್ಲೇ ಕೆಲಸಕ್ಕೆ ನಿಂತಳು. ನೆರೆಯಲ್ಲಿ ಸಿಕ್ಕಿಬಿದ್ದ ಆನೆಮರಿ, ಘೇಂಡಾಮೃಗದ ಮರಿಗಳಿಗೆ ಔಷಧಿ ಮಾಡುವ ಕೆಲಸ. ಕೆಲಸದ ಜೊತೆಗೆ ಪ್ರಾಂಜಲ್ ಎಂಬ ಹುಡುಗನೂ ಸಿಕ್ಕಿದ. ಅವನೂ ಪಶುವೈದ್ಯನೇ, ಅಸ್ಸಾಮಿನವನು, ಶಾಂತ ಸ್ವಭಾವದವನು. ಇದನ್ನೆಲ್ಲ ಕ್ಷಮಾ ಫೋನಿನಲ್ಲಿ ಹೇಳಿದಾಗ ಹೇರ್ಳರು ಒಂದು ವಾರ ಮೌನವ್ರತ ಹಿಡಿದರು. ಆ ವಾರ ನಮ್ಮ ಕೇರಿಗೆ ಸಿಕ್ಕಿದ ಶಾಂತಿ ಮತ್ತೆ ಸಿಗಲಿಲ್ಲ.

ವಾರ ಕಳೆದ ಮೇಲೆ ಅವರು ಮೊದಲು ಮಾಡಿದ್ದು ಮೊಬೈಲು ತೆಗೆದು ಮಂಗಳೂರು, ಗುವಾಹಟಿ ಎಂದು ಬರೆದದ್ದು. ಗೆರೆ ಬಂತು. ಎರಡು ಸಾವಿರದ ಇನ್ನೂರ ಚಿಲ್ಲರೆ ಕಿಲೋಮೀಟರು. ಹಾರುವ ಹೊತ್ತು ಮೂರು ಗಂಟೆಯೊಳಗೆ. ಸಮಯದ ವ್ಯತ್ಯಾಸ: ಇಲ್ಲ.

"ಮೂರ್ ಗಂಟಿಯ ದಾರಿ," ಎಂದರು, ಹುಡುಗನ ಜಾತಿ, ಭಾಷೆ, ಮೀನು ತಿನ್ನುವುದು ಎಲ್ಲವನ್ನೂ ಆ ಗೆರೆಯೇ ಸರಿಮಾಡಿಕೊಟ್ಟಿತು ಎಂಬಂತೆ. "ಉಂಡ್ಕಂಡ್ ಹೊರಟ್ರೆ ಸಂಜಿ ಕಾಫಿಗೆ ಗುವಾಹಟಿ."

ಅವರ ಹೆಂಡತಿ ವೇದಾವತಿ, ನಾನು ವೇದಕ್ಕ ಎನ್ನುತ್ತೇನೆ, ಅಷ್ಟಕ್ಕೇ ಕಣ್ಣೊರೆಸಿಕೊಂಡು ಮಗಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ನಾನು ಅಲ್ಲೇ ಇದ್ದೆ. ಸ್ಪೀಕರ್ ಇಲ್ಲದಿದ್ದರೂ ನನಗೆ ಕೇಳುತ್ತಿತ್ತು, ಹೇರ್ಳರ ಗಂಟಲು ಹಾಗೆ.

"ನಾ ಬತ್ತೆ," ಎಂದರು ಹೇರ್ಳರು. "ಆರೆ ಮುಹೂರ್ತ ನಂದ್. ನಾ ಇಟ್ಟ್ ಲಗ್ನಕ್ಕೇ ಧಾರೆ ಆಯ್ಕ್. ಲಗ್ನ ತಪ್ರೆ ನಾ ಧಾರೆ ಎರಿತಿಲ್ಲೆ. ಅದ್ ಮೊದ್ಲೇ ಹೇಳ್ತೆ."

"ಆಯ್ತ್ ಅಪ್ಪಯ್ಯ," ಎಂದಳು ಕ್ಷಮಾ. ಅವಳ ದನಿ ಹಗುರಾದದ್ದು ಫೋನಿನಲ್ಲೂ ಗೊತ್ತಾಯಿತು. "ಆರೆ ಒಂದ್ ಮಾತ್. ಇಲ್ಲ್ ಬೆಳ್ಗಾಪುದ್ ಭಾರಿ ಬೇಗ. ಲಗ್ನ ಕಾಂಬತ್ತಿಗೆ ಅದನ್ನೂ ಒಂಚೂರ್ ಕಾಣಿ."

"ಮಗಾ, ನೀ ಆನಿಗೆ ಸೂಜಿ ಹಾಕ್. ಪಂಚಾಂಗ ನಂಗೆ ಬಿಡ್. ಅದೆಂತ ಅಮೆರಿಕವಾ? ಇಲ್ಲ್ ಗಂಟಿ ಒಂಬತ್ತಾರೆ ಅಲ್ಲೂ ಒಂಬತ್ತೇ."

ಹೌದಲ್ಲ, ಸರಿಯಾಗೇ ಹೇಳಿದರು ಎಂದು ನನಗೂ ಅನ್ನಿಸಿತು. ಒಂದೇ ದೇಶ, ಒಂದೇ ಗಡಿಯಾರ.

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮಿಥುನ ಲಗ್ನ ಎಂದು ಇಟ್ಟರು. ಅದರ ಮುಂದಿನ ಕರ್ಕಾಟಕ ಲಗ್ನಕ್ಕೆ ಎಂಟನೆಯ ಮನೆಯಲ್ಲಿ ರಾಹು ಕುಳಿತಿದ್ದಾನೆಂದು ಅದನ್ನು ಕೈಯಿಂದ ಮುಟ್ಟಲೂ ಇಲ್ಲ. ಆ ಲಗ್ನದಲ್ಲಿ ಕೊಟ್ಟ ಹುಡುಗಿ ಸುಖಪಡುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಬೈಂದೂರಿನ ಒಂದು ಮದುವೆಯಲ್ಲಿ ಇದೇ ಭಯಕ್ಕೆ ಮದುಮಗನನ್ನು ತಿಂಡಿಯ ಎಲೆಯ ಮುಂದಿನಿಂದ ಎಬ್ಬಿಸಿ ಮಂಟಪಕ್ಕೆ ಓಡಿಸಿದ್ದರು. ಅಸ್ಸಾಮಿನವರ ಮದುವೆ ರಾತ್ರಿಯಂತೆ. ಹೇರ್ಳರ ಲಗ್ನಕ್ಕಾಗಿ ಆ ಇಡೀ ಬಳಗ ತಲೆತಲಾಂತರದ ಕ್ರಮ ಬಿಟ್ಟು ಬೆಳಗಿನ ಮದುವೆಗೆ ಒಪ್ಪಿತು. ಪ್ರಾಂಜಲನ ಅಜ್ಜಿ ಮಾತ್ರ, ಬೆಳಿಗ್ಗೆ ಮದುವೆಯಾಗುವುದು ಯಾವ ಸೀಮೆಯ ಜನ ಎಂದು ಕೇಳಿದರಂತೆ. ರಾತ್ರಿ ಮದುವೆಯಾಗುವವರ ಬಗ್ಗೆ ನನಗೂ ಇದ್ದದ್ದು ಅದೇ ಪ್ರಶ್ನೆ.

ಹೊರಡುವುದು ಗುರುವಾರ. ಹೀಗಾಗಿ ಬುಧವಾರವೇ ಹೇರ್ಳರ ಪ್ರಸ್ಥಾನ ನಮ್ಮ ಜಗುಲಿಗೆ ಬಂತು. ಅಷ್ಟು ವರ್ಷ ಬೇರೆಯವರ ಪೆಟ್ಟಿಗೆ ಇಡಿಸಿದವರು ಈಗ ತಮ್ಮದೇ ಪೆಟ್ಟಿಗೆ ಹಿಡಿದು ಬಂದಾಗ ಮುಖದಲ್ಲಿ ಮದುಮಗನ ಕಳೆ. ಆದರೆ ಇಲ್ಲೊಂದು ಹೊಸ ತೊಡಕು. ನಿಲ್ದಾಣ ತೆಂಕಿಗೆ, ಗುವಾಹಟಿ ಈಶಾನ್ಯಕ್ಕೆ. ಚೀಲ ಯಾವ ದಿಕ್ಕಿಗೆ ಹೊರಡಬೇಕು? ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತು ಯೋಚಿಸಿ, ಪೆಟ್ಟಿಗೆಯನ್ನು ತೆಂಕಿನ ನಮ್ಮ ಮನೆಯ ಜಗುಲಿಯ ಈಶಾನ್ಯ ಮೂಲೆಯಲ್ಲಿ ಇಟ್ಟರು. ಇಂಥ ಸಮಾಧಾನ ಹೊಳೆಯಬೇಕಾದರೆ ಹುಟ್ಟಿನಿಂದಲೇ ಪುರೋಹಿತನಾಗಿರಬೇಕು.

ವೇದಕ್ಕನ ರಕ್ತದೊತ್ತಡದ ಮಾತ್ರೆಗಳೂ ಕನ್ನಡಕವೂ ಆ ಪೆಟ್ಟಿಗೆಯೊಳಗೇ ಹೊರಟಿದ್ದವು. ಆ ದಿನ ಅವಳು ಮಾತ್ರೆಗೆ ನಮ್ಮ ಮನೆಗೆ, ಪೇಪರು ಓದುವುದಕ್ಕೆ ನಮ್ಮ ಮನೆಗೆ. "ನಾ ಹೊರ್ಟ್ ಆಯ್ತಂಬ್ರ್ ಸುಗುಣ," ಎಂದಳು ನಮ್ಮ ಜಗುಲಿಯಲ್ಲಿ ಕುಳಿತು. "ಆರೂ ರಾತ್ರಿ ಊಟಕ್ಕೆ ಎಂತ ಮಾಡುದಂದ್ ಮಾತ್ರ ನಾನೇ ಕಾಣ್ಕ್."

ಮದುವೆಗೆ ನಾನೂ ಹೊರಟಿದ್ದೆ. ಕ್ಷಮಾ ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ, ಧಾರೆಯ ಸೀರೆಗೆ ರವಿಕೆ ಹೊಲಿದವಳೂ ನಾನೇ. ಗುರುವಾರ ಬೆಳಿಗ್ಗೆ ತೆಕ್ಕಟ್ಟೆಯ ಮಂಜ ಕಾರು ತಂದ. ಹೇರ್ಳರು ನಮ್ಮ ಜಗುಲಿಯಿಂದ ಪೆಟ್ಟಿಗೆ ಎತ್ತಿ, ತೆಂಗಿನಕಾಯಿ ಒಡೆದು, ಬಲಗಾಲಿಟ್ಟು ಕಾರು ಹತ್ತಿ ಆದ ಮೇಲೆ ವೇದಕ್ಕನಿಗೆ ಗ್ಯಾಸಿನ ಮೇಲೆ ಹಾಲು ಬಿಟ್ಟದ್ದು ನೆನಪಾಯಿತು. ಇಳಿಯಲು ಹೊರಟವಳ ಕೈಯನ್ನು ಹೇರ್ಳರು ಗಟ್ಟಿ ಹಿಡಿದರು. ಹೊರಟಾಯಿತು, ತಿರುಗಿ ಮನೆಗೆ ಕಾಲಿಡುವಂತಿಲ್ಲ. ಮನೆ ಉರಿದರೂ ಅಡ್ಡಿಯಿಲ್ಲ, ಪ್ರಸ್ಥಾನ ಕೆಡಬಾರದು. ಕೊನೆಗೆ ಪ್ರಸ್ಥಾನವೇ ಇಡದ ನಾನು, ರೇಷ್ಮೆಯ ಪಟ್ಟೆ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಓಡಿ ಗ್ಯಾಸು ಆರಿಸಿ ಬಂದೆ.

"ಹ್ವಾಯ್ ಹೇರ್ಳ್ರೆ," ಎಂದ ಮಂಜ, ಕಾರು ಹೊರಡಿಸುತ್ತ, "ವಿಮಾನ ನಿಮ್ ಮುಹೂರ್ತಕ್ಕೆ ಕಾಯ್ತಿಲ್ಲೆ, ಗೊತ್ತಿತ್ತಲೆ?"

"ನೀ ರಸ್ತೆ ಕಾಣ್," ಎಂದರು ಹೇರ್ಳರು.

ರಸ್ತೆ ಎಂದರೆ ಬ್ರಹ್ಮಾವರದಲ್ಲಿ ವಾಹನಗಳ ಒಂದು ಸಾಲು, ಉಡುಪಿಯಲ್ಲಿ ಇನ್ನೊಂದು ಸಾಲು, ನಡುವೆ ವೇದಕ್ಕನಿಗೆ ವಾಂತಿ. ಎಪ್ಪತ್ತು ಎಂಬತ್ತು ಕಿಲೋಮೀಟರಿಗೆ ನಾವು ತೆಗೆದುಕೊಂಡ ಹೊತ್ತಿನಲ್ಲಿ ಹೇರ್ಳರ ಮೊಬೈಲಿನ ವಿಮಾನ ಬಂಗಾಳವನ್ನು ದಾಟುವ ಹಾಗಿತ್ತು. ನಿಲ್ದಾಣದಲ್ಲಿ ಇನ್ನೊಂದು ಆಘಾತ ಕಾದಿತ್ತು. ವಿಮಾನ ಮೊದಲು ಬೆಂಗಳೂರಿಗೆ ಹೋಗುತ್ತದೆ, ಅಲ್ಲಿ ಇಳಿದು ಕಾದು ಬೇರೆ ವಿಮಾನ ಹತ್ತಬೇಕು ಎಂಬುದು ಟಿಕೆಟಿನಲ್ಲೇ ಇತ್ತು. ಬೇರೆಯವರ ಟಿಕೆಟುಗಳನ್ನು ಕನ್ನಡಕ ಹಾಕಿ ಓದುವ ಹೇರ್ಳರು ತಮ್ಮ ಟಿಕೆಟನ್ನು ಓದಿರಲಿಲ್ಲ. ಗೆರೆ ನೋಡಿದ್ದರಲ್ಲ, ಸಾಕು.

"ಬೆಂಗಳೂರಿಗೆ ಎಂತಕೆ?" ಎಂದು ಕೌಂಟರಿನ ಹುಡುಗಿಯನ್ನು ಕೇಳಿದರು. "ಗೆರೆ ಆ ಬದಿಗೇ ಹೋತಿಲ್ಲೆ ಅಲ್ದಾ?"

ಆ ಹುಡುಗಿ ನಗುತ್ತ ಕಿಟಕಿಯ ಪಕ್ಕದ ಸೀಟು ಕೊಟ್ಟಳು. ಸಣ್ಣ ಮಕ್ಕಳಿಗೆ ಮಿಠಾಯಿ ಕೊಟ್ಟು ಸುಮ್ಮನಾಗಿಸಿದ ಹಾಗೆ.

ಬೆಂಗಳೂರಿನಲ್ಲಿ ಕಾದು, ಮತ್ತೆ ಹಾರಿ, ಗುವಾಹಟಿಯಲ್ಲಿ ಇಳಿದು ಹೊರಗೆ ಬರುವಾಗ ಸಂಜೆ. ಮೂರು ಗಂಟೆಯ ದಾರಿಗೆ ಹಗಲು ಪೂರ್ತಿ ಸಾಕಾಗಿರಲಿಲ್ಲ. ಕ್ಷಮಾ ಓಡಿ ಬಂದು ಅಪ್ಪನ ಕಾಲು ಮುಟ್ಟಿದಳು. ಹೇರ್ಳರು ತಲೆಯ ಮೇಲೆ ಕೈಯಿಟ್ಟವರು ಅದನ್ನು ತೆಗೆಯಲು ಸ್ವಲ್ಪ ಹೊತ್ತು ಮರೆತರು. ನಾವು ಕಾರಿನಲ್ಲಿ ಕುಳಿತು ನೋಡುತ್ತೇವೆ, ಆರೂವರೆ ಆದದ್ದಷ್ಟೇ, ಆಗಲೇ ಕತ್ತಲು.

"ಮೋಡ," ಎಂದರು ಹೇರ್ಳರು. "ಇಲ್ಲ್ ಮಳಿ ಜಾಸ್ತಿ."

ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಕ್ಷಮಾ ಅಪ್ಪನ ಮುಖ ನೋಡಿದಳು, ಆಮೇಲೆ ಆಕಾಶ ನೋಡಿದಳು.

ಮದುವೆಯ ಸಭಾಂಗಣದ ಹಿಂಬದಿಯಲ್ಲೇ ನಮಗೆ ಉಳಿದುಕೊಳ್ಳಲು ಕೋಣೆ. ಮರುದಿನ ನನಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲು. ಮದುವೆಯ ದಿನ ಏಳು ಗಂಟೆಯವರೆಗೆ ಮಲಗಿದೆನಲ್ಲ ಎಂದು ಗಡಿಯಾರ ನೋಡಿದರೆ ಐದು ಆಗಿರಲಿಲ್ಲ. ಗಡಿಯಾರ ನಿಂತಿದೆ ಎಂದು ಅದನ್ನು ಕುಲುಕಿದೆ, ಕಿವಿಗೆ ಹಿಡಿದೆ. ನಡೆಯುತ್ತಿತ್ತು.

ಹೊರಗೆ ಬಂದರೆ ಚಾವಡಿಯಲ್ಲಿ ಹೇರ್ಳರು. ಮಿಂದು, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ತಂಬಿಗೆ. ಸಂಧ್ಯಾವಂದನೆಗೆಂದು ಎದ್ದು ಬಂದಿದ್ದಾರೆ. ಅರ್ಘ್ಯ ಬಿಡಬೇಕಾದ ಸೂರ್ಯ ಇವರನ್ನು ಕಾಯದೆ ಅಡಿಕೆ ಮರಗಳ ತಲೆಗೆ ಬಂದು ಕುಳಿತಿದ್ದಾನೆ.

"ಸುಗುಣ," ಎಂದರು, "ಗಂಟಿ ಎಷ್ಟ್?"

"ಐದ್ ಆಯ್ಲಿಲ್ಲೆ ಹೇರ್ಳರೆ."

ಅವರು ತಂಬಿಗೆ ಕೆಳಗಿಟ್ಟರು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು. ಒಂದು ಸಲ, ಮತ್ತೊಂದು ಸಲ. ಮೂರನೆಯ ಸಲ ನಡುವೆಯೇ ನಿಂತಿತು. ಅವರ ಮುಖದಲ್ಲಿ ಅಂಥದ್ದೊಂದು ಬಣ್ಣವನ್ನು ನಾನು ಮೊದಲು ಕಂಡಿರಲಿಲ್ಲ.

ಲಗ್ನ ಎಂಬುದು ಗೋಡೆಯ ಗಡಿಯಾರ ನೋಡಿ ಬರುವುದಲ್ಲ. ಆಯಾ ಊರಿನಲ್ಲಿ ಸೂರ್ಯ ಹುಟ್ಟುವುದನ್ನು ಹಿಡಿದು ಬರುವಂಥದ್ದು. ಇದನ್ನು ಟೊರೊಂಟೊದವರಿಗೆ ಫೋನಿನಲ್ಲಿ ವಿವರಿಸಿದವರು ಇದೇ ಹೇರ್ಳರು. ಆದರೆ ಮೊಬೈಲಿನ ಪುಟದಲ್ಲಿ ವ್ಯತ್ಯಾಸ ಇಲ್ಲ ಎಂದು ಬರೆದಿತ್ತಲ್ಲ. ಗಡಿಯಾರಗಳ ನಡುವೆ ವ್ಯತ್ಯಾಸ ಇರಲಿಲ್ಲ, ಸೂರ್ಯೋದಯಗಳ ನಡುವೆ ಇತ್ತು. ಇಲ್ಲಿ ಸೂರ್ಯನೂ ಅವನ ಹಿಂದೆ ಬರುವ ಲಗ್ನಗಳೂ ನಮ್ಮೂರಿಗಿಂತ ಗಂಟೆಗೂ ಹೆಚ್ಚು ಮುಂದೆ ಓಡುತ್ತಿದ್ದವು. ಒಂಬತ್ತು ನಲವತ್ತಕ್ಕೆಂದು ಇಟ್ಟ ಮಿಥುನ ಲಗ್ನ ಒಂಬತ್ತಕ್ಕೇ ಮುಗಿದು, ಆ ಹೊತ್ತಿಗೆ ಇರುವುದು ಕರ್ಕಾಟಕ. ಎಂಟರಲ್ಲಿ ರಾಹು. ಅದರ ನಂತರ ಆ ದಿನ ಬೇರೆ ಒಳ್ಳೆಯ ಲಗ್ನವೂ ಇರಲಿಲ್ಲ.

ಲಗ್ನ ತಪ್ಪಿದರೆ ಧಾರೆ ಎರೆಯುವುದಿಲ್ಲ ಎಂದವರೂ ಇವರೇ, ಲಗ್ನ ತಪ್ಪಿಸಿದವರೂ ಇವರೇ. ಬೇರೆ ಹೊತ್ತಾಗಿದ್ದರೆ ಒಂದು ವಾರ ನಗುವಷ್ಟು ಸಾಮಾನು ನನಗೆ ಸಿಕ್ಕಿತ್ತು. ನಗು ಬರಲಿಲ್ಲ.

ವೇದಕ್ಕನನ್ನು ಎಬ್ಬಿಸಿದೆವು. ಎಂಟೂವರೆಗೆ ಧಾರೆ ಮಾಡಲು ಆಗುತ್ತದೆಯೇ ಎಂದು ಅವಳು ಪ್ರಾಂಜಲನಿಗೇ ಫೋನು ಮಾಡಿ, ತನಗೆ ಬರುವ ಅರೆಬರೆ ಹಿಂದಿಯಲ್ಲಿ ಕೇಳಿದಳು. ಅವರ ಮನೆ ಬ್ರಹ್ಮಪುತ್ರದ ಆಚೆ ದಡ. ಎರಡು ಬಸ್ಸು ಜನ, ಅಜ್ಜಿ, ಬಾಜಾ, ಮುಗಿಯಬೇಕಾದ ಅವರ ಶಾಸ್ತ್ರಗಳು, ಮಧ್ಯೆ ಸೇತುವೆ. ಒಂಬತ್ತೂವರೆಗೆ ಮೊದಲು ಏನು ಮಾಡಿದರೂ ತಲುಪುವುದಿಲ್ಲ ಎಂದ. ಇಷ್ಟು ಹೊತ್ತಿಗೆ ಬನ್ನಿ ಎಂದು ಹೇಳಿದ್ದು ನಾವೇ ಎಂದು ಅವನು ನೆನಪಿಸಲಿಲ್ಲ, ಒಳ್ಳೆಯ ಹುಡುಗ.

"ನಾ ಹ್ಯಾಂಗ್ ಎರೂದ್ ವೇದಾ?" ಎಂದರು ಹೇರ್ಳರು. ಆ ಸಭೆ ನಡುಗಿಸುವ ಗಂಟಲು ಎಲ್ಲಿ ಹೋಗಿತ್ತೋ. "ರಾಹು ಎಂಟರಲ್ಲಿತ್ತ್. ಯಾರ್ಯಾರ್ದೋ ಹುಡ್ಗಿಯರಿಗೆ ಬ್ಯಾಡ ಅಂದದ್ದ್. ನನ್ ಮಗಳಿಗೆ ಗೊತ್ತಿದ್ ಗೊತ್ತಿದ್ ಹ್ಯಾಂಗ್ ಕೊಡುದ್?"

"ಅವಳ್ ಹೇಳ್ಲಿಲ್ಯಾ?" ವೇದಕ್ಕ ಎದ್ದು ನಿಂತಳು. ಆ ಮನೆಯಲ್ಲಿ ನಲವತ್ತು ವರ್ಷಗಳಿಂದ ಅವಳು ಎದ್ದು ನಿಂತದ್ದು ಬಡಿಸುವುದಕ್ಕೆ ಮಾತ್ರ. "ಬೆಳ್ಗಾಪುದ್ ಬೇಗ ಅಂದ್ ಹೇಳ್ಲಿಲ್ಯಾ? ಆನಿಗೆ ಸೂಜಿ ಹಾಕ್ ಅಂದ್ರಿ. ನಿಮಗೆ ಯಾರ್ ಹೇಳ್ರೂ ಆತಿಲ್ಲೆ. ಈಗ ಕೇಣಿ. ನೀವ್ ಮಣಿ ಮೇಲೆ ಕೂಕಣದಿದ್ರೆ ನಾ ಒಬ್ಳೇ ಎರಿತೆ. ಗಿಂಡಿ ಹಿಡೂಕೆ ನಂಗೆ ಪಂಚಾಂಗ ಬ್ಯಾಡ."

ಅಷ್ಟು ಹೇಳಿ ಅವಳು ಸ್ನಾನಕ್ಕೆ ಹೋದಳು. ಹೇರ್ಳರು ಒದ್ದೆ ಪಂಚೆ ಬದಲಿಸಿದರು. ಆಮೇಲೆ ಕ್ಷಮಾಳ ಕೋಣೆಗೆ ಹೊರಟರು. ಮಾತು ಕೈಮೀರಿದರೆ ನಡುವೆ ಬೀಳುವುದಕ್ಕೆ ಎಂದು ನಾನೂ ಹಿಂದೆಯೇ ಹೋದೆ.

ಕ್ಷಮಾ ಕನ್ನಡಿಯ ಮುಂದೆ ಕುಳಿತಿದ್ದಳು. ಅರ್ಧ ಜಡೆ ಹೆಣೆದಾಗಿತ್ತು. ಹೆಣೆಯುತ್ತಿದ್ದ ಅವಳ ಗೆಳತಿ ನಮ್ಮ ಮುಖ ನೋಡಿ ಹೊರಗೆ ನಡೆದಳು.

"ಮಗಾ," ಎಂದರು ಹೇರ್ಳರು ಬಾಗಿಲಲ್ಲೇ ನಿಂತು. "ನಂಗೆ ಲೆಕ್ಕ ತಪ್ತ್."

ಅವಳು ಕನ್ನಡಿಯಲ್ಲೇ ಅಪ್ಪನನ್ನು ನೋಡಿದಳು. ನಾನು ಹೇಳಿದ್ದೆನಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಪಂಚಾಂಗದಲ್ಲೂ ಸಿಗುತ್ತಿರಲಿಲ್ಲ. ನಾನಾಗಿದ್ದರೆ ಮೂರು ಸಲ ಹೇಳುತ್ತಿದ್ದೆ.

"ಈಗ ಎಂತ ಮಾಡ್ತ್ರಿ ಅಪ್ಪಯ್ಯ?" ಎಂದಳು.

ಹೇರ್ಳರ ಹೆಬ್ಬೆರಳು ಮತ್ತೆ ಬೆರಳ ಗೆಣ್ಣುಗಳ ಮೇಲೆ ಓಡಿತು.

"ನೀವ್ ಕೂಕಣದಿದ್ರೂ ಮದುವಿ ಆತ್ತ್," ಎಂದಳು ಕ್ಷಮಾ ಮೆಲ್ಲಗೆ. "ಆರೆ ನೀವ್ ಕೂಕಣ್ಕ್ ಅಂದ್ ನಂಗೆ ಆಸಿ."

ಹೇರ್ಳರು ತಿರುಗಿ ಹೋದರು. ಕ್ಷಮಾ ಅಳಲಿಲ್ಲ, ಕಣ್ಣಿನ ಕಾಡಿಗೆ ಆಗಲೇ ಹಚ್ಚಿತ್ತು. ಉಳಿದರ್ಧ ಜಡೆಯನ್ನು ನಾನೇ ಹೆಣೆದೆ. ಆ ಹೊತ್ತಿನಲ್ಲಿ ಹೇರ್ಳರು ಎದುರು ಸಿಕ್ಕಿದ್ದರೆ ನಾನು ಎಂಥ ಮಾತು ಆಡುತ್ತಿದ್ದೆನೋ.

ಒಂಬತ್ತೂವರೆ ದಾಟಿದ ಮೇಲೆ ಬಾಜಾ ಕೇಳಿಸಿತು. ಬಂದವರ ಹೆಗಲಿಗೆಲ್ಲ ಕೆಂಪಂಚಿನ ಬಿಳಿ ವಸ್ತ್ರ, ಹೆಂಗಸರು ನಾಲಗೆ ಅಲುಗಿಸಿ ಹಾಕುವ ಉಲಿಗೆ ಸಭಾಂಗಣವೇ ಅದುರಿತು. ಅಜ್ಜಿಯನ್ನು ಇಬ್ಬರು ಹಿಡಿದು ತಂದು ಮುಂದಿನ ಕುರ್ಚಿಯಲ್ಲಿ ಕುಳ್ಳಿರಿಸಿದರು. ಪ್ರಾಂಜಲ್ ಮಂಟಪಕ್ಕೆ ಬಂದ. ಕ್ಷಮಾ ಬಂದಳು. ಅಲ್ಲಿನ ಪುರೋಹಿತರು, ಸಣಕಲು ದೇಹದ ವಯಸ್ಸಾದ ಮನುಷ್ಯ, ಕನ್ಯಾದಾನಕ್ಕೆ ಎರಡು ಮಣೆ ಹಾಕಿ ತಂದೆ ತಾಯಿ ಬರಲಿ ಎಂದರು. ವೇದಕ್ಕ ಗಿಂಡಿ ಹಿಡಿದು ಒಂದು ಮಣೆಯಲ್ಲಿ ಕುಳಿತಳು. ಇನ್ನೊಂದು ಮಣೆ ಖಾಲಿ.

ಜನ ಅತ್ತಿತ್ತ ನೋಡತೊಡಗಿದರು. ಪ್ರಾಂಜಲನ ಅಪ್ಪ ನನ್ನನ್ನು ಕಣ್ಣಲ್ಲೇ ಕೇಳಿದರು. ನನ್ನ ಹಿಂದಿಗೆ ಇಂಥ ಸಂಗತಿಯನ್ನೆಲ್ಲ ಹೇಳುವ ಶಕ್ತಿ ಇಲ್ಲ, ನಾನು ಛಾವಣಿ ನೋಡಿದೆ. ವೇದಕ್ಕ ಪುರೋಹಿತರಿಗೆ ಶುರು ಮಾಡಿ ಎಂದು ಕೈಸನ್ನೆ ಮಾಡಿದಳು. ಆಗ ಹೇರ್ಳರು ಬಂದರು.

ಹೊರಗೆ ನಲ್ಲಿಯಲ್ಲಿ ಕಾಲು ತೊಳೆದು ಬಂದಿದ್ದರು. ಮದುವೆಗೆಂದು ತಂದ ಜರಿಯಂಚಿನ ಪಂಚೆ, ಹಣೆಯಲ್ಲಿ ಗಂಧ. ಯಾರ ಮುಖವನ್ನೂ ನೋಡದೆ ಮಣೆಯಲ್ಲಿ ಕುಳಿತು, ಸಂಕಲ್ಪವನ್ನು ತಾವೇ ಹೇಳುವುದಾಗಿ ಕೈಮುಗಿದು ಕೇಳಿಕೊಂಡರು. ಅಲ್ಲಿನ ಪುರೋಹಿತರು ತಲೆಯಾಡಿಸಿದರು.

ಸಂಕಲ್ಪದಲ್ಲಿ ಮೊದಲು ಹೇಳಬೇಕಾದ್ದು ನಾವು ಎಲ್ಲಿದ್ದೇವೆ, ಯಾವ ಹೊತ್ತಿನಲ್ಲಿದ್ದೇವೆ ಎಂದು. ಹೇರ್ಳರು ಹುಟ್ಟಿದಂದಿನಿಂದ ಗೋದಾವರಿಯ ತೆಂಕು ದಡದಲ್ಲಿ, ಪರಶುರಾಮ ಕ್ಷೇತ್ರದಲ್ಲಿ ಎಂದೇ ಹೇಳಿಕೊಂಡು ಬಂದವರು. ಈಗ ಬ್ರಹ್ಮಪುತ್ರದ ತೆಂಕು ದಡದಲ್ಲಿ ಎಂದರು. ದನಿ ಗಟ್ಟಿಯಾಗಿತ್ತು. ಸಂವತ್ಸರ ಹೇಳಿದರು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಲಗ್ನ ಬಂತು. ನಿಂತರು.

ಮಿಥುನ ಎಂದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೇ ಶುಭಲಗ್ನ ಎಂದು ಹಾರಿಸಿಬಿಟ್ಟರೂ ನಡೆಯುತ್ತಿತ್ತು, ಎಷ್ಟೋ ಪುರೋಹಿತರು ಹಾಗೇ ಹಾರಿಸುತ್ತಾರೆ. ಹೇರ್ಳರು ಮಗಳನ್ನು ನೋಡಿ, "ಕರ್ಕಾಟಕ ಲಗ್ನೇ," ಎಂದರು, ಸಭೆಗೆಲ್ಲ ಕೇಳುವಂತೆ. ಆ ಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಸಾಲನ್ನು ತಾವಾಗಿ ಸೇರಿಸಿದರು. "ಅಸ್ಯ ಲಗ್ನಸ್ಯ ಯೋ ದೋಷಃ, ಸ ಮಮೈವ ಅಸ್ತು."

ಪುರೋಹಿತರು ಚಕ್ಕನೆ ತಲೆಯೆತ್ತಿದರು. ಪಕ್ಕದ ಮನೆಯಲ್ಲಿ ಅಷ್ಟು ವರ್ಷ ಮಂತ್ರ ಕೇಳಿದ ನನಗೂ ಅಷ್ಟು ಸಂಸ್ಕೃತ ತಿಳಿಯುತ್ತದೆ. ಈ ಲಗ್ನದ ದೋಷ ಏನಿದೆಯೋ ಅದು ನನಗೊಬ್ಬನಿಗೇ ಇರಲಿ. ರಾಹುವನ್ನು ಅಷ್ಟು ನಂಬುವ, ಅಷ್ಟು ಹೆದರುವ ಮನುಷ್ಯ ಆಡಿದ ಮಾತು ಅದು. ಕ್ಷಮಾ ಸಣ್ಣವಳಿರುವಾಗ ಅಪ್ಪನ ಮಡಿಲಲ್ಲಿ ಕುಳಿತೇ ಶ್ಲೋಕ ಕಲಿತವಳು. ಅವಳ ಕಾಡಿಗೆ ಆಗ ಕರಗಿತು.

ಹೇರ್ಳರು ಕೈ ಮುಂದೆ ಚಾಚಿದರು. ವೇದಕ್ಕ ನೀರು ಬಿಡಬೇಕು. ಅವಳು ಗಿಂಡಿಯನ್ನು ಎತ್ತಲೇ ಇಲ್ಲ.

"ಹ್ವಾಯ್," ಎಂದಳು, ಗಂಡನಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಹಿಂದೆ ನಿಂತ ನನಗೂ ಕೇಳಿತು. "'ನಂಗೆ' ಅಲ್ಲ. 'ನಮಗೆ' ಅಂದ್ ಹೇಳಿ."

ಹೇರ್ಳರು ಹೆಂಡತಿಯನ್ನು ನೋಡಿದರು. ನಾನು ಕಂಡಂತೆ, ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಅವಳು ಹೇಳಿದಂತೆಯೇ ತಿದ್ದಿ, ಆ ಸಾಲನ್ನು ಮತ್ತೊಮ್ಮೆ ಹೇಳಿದರು. ವೇದಕ್ಕ ನೀರು ಬಿಟ್ಟಳು.